ಊರಿನ ದನಿಗೆ ಬಂಡವಾಳವೆಲ್ಲಿ?

ಶಿವಮೊಗ್ಗ ಜಿಲ್ಲೆಯು ಹಾಡಿನ ವಿಷಯದಲ್ಲಿ ಬಡವಾದ ನೆಲವಲ್ಲ. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು, ಶಿಕಾರಿಪುರದ ಈಸೂರಿನ ಜಿ. ಎಸ್. ಶಿವರುದ್ರಪ್ಪ, ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತ ಕವಿತೆ ಬರೆದ ಕೆ. ಎಸ್. ನಿಸಾರ್ ಅಹಮದ್ ಇವರೆಲ್ಲರ ಪದ್ಯಗಳು ಪುಸ್ತಕದಿಂದ ಎದ್ದು ಜನರ ಬಾಯಿಗೆ ಬಂದುವು. ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದ ಶಿವಮೊಗ್ಗ ಸುಬ್ಬಣ್ಣನವರು 'ಕಾಡು ಕುದುರೆ' ಚಿತ್ರದ ಗಾಯನಕ್ಕಾಗಿ 1978ರ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ತಂದರು. ನಗರಕ್ಕೆ ಕೂಗಳತೆಯಲ್ಲಿರುವ ತುಂಗಾತೀರದ ಹೊಸಹಳ್ಳಿಯು ಗಮಕದ ತೌರೆನಿಸಿದೆ. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಭದ್ರಾವತಿಯಲ್ಲಿ 1965ರಲ್ಲಿ ಆರಂಭವಾದ ಆಕಾಶವಾಣಿ ನಿಲಯವು ಮಲೆನಾಡಿನ ಎಷ್ಟೋ ಕಂಠಗಳಿಗೆ ಮೊದಲ ವೇದಿಕೆಯಾಯಿತು.

ಕವಿ ಇದ್ದಾನೆ, ಗಾಯಕ ಇದ್ದಾನೆ, ಬಾನುಲಿಯಿದೆ, ಕೇಳುವ ಕಿವಿಯೂ ಇದೆ. ಆದರೂ ಈ ನೆಲದ ದನಿಯು ಧ್ವನಿಮುದ್ರಿಕೆಯ ರೂಪ ಪಡೆಯಬೇಕಾದಾಗ ಬಹುಮಟ್ಟಿಗೆ ಬೆಂಗಳೂರಿನ ಬಾಗಿಲನ್ನೇ ತಟ್ಟಬೇಕಾಯಿತು. ಊರಿನವರೇ ನಡೆಸುವ ಒಂದು ಸಣ್ಣ ಧ್ವನಿಮುದ್ರಣ ಸಂಸ್ಥೆಯು ತನ್ನ ಕಾಲ ಮೇಲೆ ತಾನು ನಿಲ್ಲುವುದು ಇಷ್ಟು ದುಸ್ತರವೇಕೆ? ರಸಿಕರಿಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದುಂಟು. ಆ ಉತ್ತರ ಸರಿಯಲ್ಲ. ಇದು ರಸಿಕತೆಯ ಪ್ರಶ್ನೆಯಾಗಿರುವುದಕ್ಕಿಂತ ಹೆಚ್ಚಾಗಿ ಹಣ ಯಾವಾಗ ಬರುತ್ತದೆ ಎಂಬ ಪ್ರಶ್ನೆ.

ಇದನ್ನು ಅರಿಯಲು ಈ ಉದ್ಯಮದ ಹಿಂದಿನ ಕಥೆಯನ್ನು ಸ್ವಲ್ಪ ನೋಡಬೇಕು. ಭಾರತದಲ್ಲಿ ಗ್ರಾಮೊಫೋನಿನ ಮೊದಲ ಧ್ವನಿಮುದ್ರಣಗಳು ನಡೆದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ತಟ್ಟೆಯನ್ನು ಒತ್ತುವ ಯಂತ್ರಕ್ಕೆ ಬೇಕಾದ ಬಂಡವಾಳ ಅಪಾರವಾದುದರಿಂದ, ನಾಯಿಯ ಚಿತ್ರದ ಮುದ್ರೆಯಿಂದ ಮನೆಮಾತಾದ ಗ್ರಾಮೊಫೋನ್ ಕಂಪನಿಯೇ ಹಲವು ದಶಕಗಳ ಕಾಲ ದೇಶದ ಸಂಗೀತ ಮಾರುಕಟ್ಟೆಯನ್ನು ಆಳಿತು. ಸಣ್ಣವರು ಪ್ರಯತ್ನಿಸಲಿಲ್ಲವೆಂದಲ್ಲ. ಮುಂದೆ ಚಿತ್ರೋದ್ಯಮದಲ್ಲಿ ಹೆಸರು ಮಾಡಿದ ಎ. ವಿ. ಮೆಯ್ಯಪ್ಪನವರು ಮದರಾಸಿನಲ್ಲಿ ಪಾಲುದಾರರೊಡನೆ ಸರಸ್ವತಿ ಸ್ಟೋರ್ಸ್ ಕಟ್ಟಿ ಧ್ವನಿಮುದ್ರಿಕೆಗಳನ್ನು ಹೊರತಂದರು. ಆದರೆ ಅವರೂ ಜರ್ಮನಿಯ ಓಡಿಯನ್ ಕಂಪನಿಯನ್ನು ಆಶ್ರಯಿಸಬೇಕಾಯಿತು. ಹಾಡು ತಮ್ಮದಾದರೂ ಒತ್ತುವ ಯಂತ್ರ ಪರರದು ಎಂಬುದು ಅಂದಿನ ಸ್ಥಿತಿ.

ಕ್ಯಾಸೆಟ್ಟು ಬಂದಮೇಲೆ ಈ ಕೋಟೆ ಒಡೆಯಿತು. ನಿಸಾರರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಜೋಡಿಸಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದು ಕನ್ನಡ ಭಾವಗೀತೆಯ ಧ್ವನಿಸುರುಳಿಗಳಿಗೆ ದಾರಿ ತೆರೆಯಿತು. ಬೆಂಗಳೂರಿನಲ್ಲಿ ಸಂಗೀತಾ, ಲಹರಿ ಮೊದಲಾದ ಸಂಸ್ಥೆಗಳು ತಲೆಯೆತ್ತಿದುವು. ಧ್ವನಿಸುರುಳಿ ತಯಾರಿಸಲು ದೊಡ್ಡ ಕಾರ್ಖಾನೆ ಬೇಕಿರಲಿಲ್ಲ. ನಕಲು ತೆಗೆಯುವ ಒಂದೆರಡು ಯಂತ್ರ, ಒಂದು ಕೋಣೆ, ಹೊದಿಕೆ ಅಚ್ಚು ಹಾಕುವ ಒಂದು ಪ್ರೆಸ್ಸು ಸಾಕಾಗಿತ್ತು. ಇಷ್ಟಾದ ಮೇಲೆ ಜಿಲ್ಲಾ ಕೇಂದ್ರದಲ್ಲೂ ಇಂಥ ಸಂಸ್ಥೆ ಬಾಳಬಹುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಇಲ್ಲಿ ಲೆಕ್ಕವು ಆಸೆಗೆ ಅಡ್ಡಬರುತ್ತದೆ.

ಉದಾಹರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳಬಹುದು. ಗಾಯಕರ ಸಂಭಾವನೆ, ವಾದ್ಯದವರ ಸಂಬಳ, ಸ್ಟುಡಿಯೋ ಬಾಡಿಗೆ, ಧ್ವನಿಸುರುಳಿ, ಹೊದಿಕೆ ಎಲ್ಲ ಸೇರಿ 2,000 ಪ್ರತಿಗಳಿಗೆ 40,000 ರೂಪಾಯಿ ತಗಲಿತೆನ್ನೋಣ. ಪ್ರತಿಯೊಂದಕ್ಕೆ 20 ರೂಪಾಯಿ ಬಿತ್ತು. ಅಂಗಡಿಯವನಿಗೆ 24 ರೂಪಾಯಿಗೆ ಕೊಟ್ಟರೆ, ಒಂದೂ ಉಳಿಯದೆ ಮಾರಾಟವಾದಾಗ ಬರುವ ಲಾಭ 8,000 ರೂಪಾಯಿ. ಆದರೆ 400 ಪ್ರತಿಗಳು ಮಾರಾಟವಾಗದೆ ಹಿಂದಿರುಗಿದರೆ ಕೈಗೆ ಬರುವುದು 38,400 ರೂಪಾಯಿ ಮಾತ್ರ; ಲಾಭ ಹೋಗಿ 1,600 ರೂಪಾಯಿ ನಷ್ಟವಾಯಿತು. ಅಂಗಡಿಯವನು ನಗದು ಕೊಡುವವನಲ್ಲ. ಮಾರಾಟವಾದ ಮೇಲೆ ಕೊಡುತ್ತೇನೆಂದು ಸರಕನ್ನು ಉದ್ದರಿಯಾಗಿ ಇಟ್ಟುಕೊಳ್ಳುತ್ತಾನೆ. ಮೂಲ ಹಣವು ನೂರಕ್ಕೆ ವರ್ಷಕ್ಕೆ 18ರ ಬಡ್ಡಿಯ ಸಾಲವಾಗಿದ್ದು, ವಸೂಲಿಗೆ ಆರು ತಿಂಗಳು ಹಿಡಿದರೆ ಬಡ್ಡಿಯೇ 3,600 ರೂಪಾಯಿ. ಅಲ್ಲಿಗೆ ನಷ್ಟ 5,200. ಐದು ಪ್ರತಿಗಳಲ್ಲಿ ನಾಲ್ಕನ್ನು ಜನ ಕೊಂಡಿದ್ದಾರೆ, ಹಾಡು ಚೆನ್ನಾಗಿದೆಯೆಂದು ಹೊಗಳಿದ್ದಾರೆ, ಆದರೂ ಸಂಸ್ಥೆ ಸೋತಿದೆ! ರಸಿಕರಿಲ್ಲ ಎಂಬ ಮಾತು ಸುಳ್ಳೆಂದು ಹೇಳಿದ್ದು ಇದಕ್ಕಾಗಿಯೇ.

ದೊಡ್ಡ ಸಂಸ್ಥೆಯು ಇಂಥ ಹತ್ತು ಸೋಲುಗಳನ್ನು ಒಂದು ಗೆಲುವಿನಿಂದ ತುಂಬಿಕೊಳ್ಳುತ್ತದೆ. 1987ರಲ್ಲಿ ತೆರೆಕಂಡ 'ಪ್ರೇಮಲೋಕ'ದ ಹಾಡುಗಳ ಮಾರಾಟವು ಲಹರಿ ಸಂಸ್ಥೆಗೆ ಭದ್ರವಾದ ನೆಲೆಯನ್ನು ಒದಗಿಸಿದುದು ಎಲ್ಲರೂ ಬಲ್ಲ ಸಂಗತಿ. ಚಲನಚಿತ್ರಕ್ಕೆ ಪ್ರಚಾರ ಬೇರೆ ಕಡೆಯಿಂದ ದೊರೆಯುತ್ತದೆ. ಗಮಕಕ್ಕೆ, ಜನಪದ ಗೀತೆಗೆ, ವಚನ ಗಾಯನಕ್ಕೆ ಅಂಥ ನೆರವಿಲ್ಲ. ಸಣ್ಣ ಸಂಸ್ಥೆಯ ಬಳಿ ಇರುವುದು ಒಂದೇ ಬಿತ್ತನೆಯ ಬೀಜ. ಆ ವರ್ಷ ಮಳೆ ತಪ್ಪಿದರೆ ಮರುವರ್ಷಕ್ಕೆ ಬಿತ್ತಲು ಏನೂ ಉಳಿಯುವುದಿಲ್ಲ.

ಇದರ ಮೇಲೆ ಕಳ್ಳನಕಲಿನ ಕಾಟ. 1984ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ, ಅಪರಾಧಿಗೆ ಕನಿಷ್ಠ ಆರು ತಿಂಗಳ ಸೆರೆವಾಸ ಮತ್ತು 50,000 ರೂಪಾಯಿ ದಂಡದ ವಿಧಿ ಬಂದಿತು. ಪ್ರತಿಯೊಂದು ಧ್ವನಿಮುದ್ರಿಕೆಯ ಮೇಲೂ ತಯಾರಕರ ಹೆಸರು ವಿಳಾಸ ಇರಬೇಕೆಂದಾಯಿತು. ಕಾನೂನು ಕಠಿಣವಾದುದೇ ಸರಿ. ಆದರೆ ನ್ಯಾಯಾಲಯದ ಮೆಟ್ಟಿಲೇರುವ ಖರ್ಚು ಕದ್ದ ಪ್ರತಿಗಳ ಬೆಲೆಗಿಂತ ಹೆಚ್ಚಾಗುವಾಗ ಬಡ ಪ್ರಕಾಶಕನಿಗೆ ಆ ಕತ್ತಿಯನ್ನು ಎತ್ತುವ ಶಕ್ತಿಯೆಲ್ಲಿಯದು?

ಹಕ್ಕಿನ ಇನ್ನೊಂದು ಮುಖವನ್ನೂ ಮರೆಯಲಾಗದು. ಕವಿಯ ಮರಣಾನಂತರ 60 ವರ್ಷ ಆತನ ಕೃತಿಗೆ ಸ್ವಾಮ್ಯವಿರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಪದ್ಯಗಳ ಸ್ವಾಮ್ಯ 2054ರ ಕೊನೆಯವರೆಗೆ ನಡೆಯುತ್ತದೆ. ಇದು ನ್ಯಾಯವೇ. ಆದರೆ ಸಾಹಿತ್ಯಕ್ಕೆ ಹಣ ತೆರಬೇಕಿಲ್ಲದ ದಾಸರ ಪದ, ಶಿಶುನಾಳ ಷರೀಫರ ತತ್ತ್ವಪದ, ಶರಣರ ವಚನಗಳನ್ನೇ ಹತ್ತು ಸಂಸ್ಥೆಗಳು ಹತ್ತು ಸಲ ಮುದ್ರಿಸಿ ಒಬ್ಬರ ಮಾರಾಟವನ್ನು ಇನ್ನೊಬ್ಬರು ತಿನ್ನುವುದು ಇದರ ಫಲ. ಹೊಸ ಕವಿಯ ಹೊಸ ಪದ್ಯ ಹೊರಗೇ ನಿಲ್ಲುತ್ತದೆ. 2012ರ ತಿದ್ದುಪಡಿಯು ಗೀತರಚನಕಾರರಿಗೂ ಸ್ವರಸಂಯೋಜಕರಿಗೂ ರಾಯಲ್ಟಿಯ ಹಕ್ಕನ್ನು ಖಚಿತಗೊಳಿಸಿತು. ಮುದ್ರಿತವಾದ ಹಾಡನ್ನು ಐದು ವರ್ಷಗಳ ತರುವಾಯ ಮತ್ತೊಬ್ಬರು ಹೊಸದಾಗಿ ಹಾಡಿಸಿ ತರಬೇಕಾದರೆ, ಕಾಯಿದೆಯ ಪರವಾನಗಿಯ ಮೂಲಕ, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕೆಂದೂ ವಿಧಿಸಿತು. ಕಡಮೆ ಪ್ರಸಾರವಿರುವ ಭಾಷೆಗೆ ಅಥವಾ ಉಪಭಾಷೆಗೆ ಈ ಮಿತಿಯನ್ನು ಇಳಿಸಲು ಅದೇ ಕಲಮಿನಲ್ಲಿ ಅವಕಾಶವಿದೆ. ಎರಡು ಸಾವಿರ ಪ್ರತಿಯ ಕನಸು ಕಾಣುವವರಿಗೆ ಐವತ್ತು ಸಾವಿರದ ಅಳತೆ ಹೊಂದದೆಂಬುದನ್ನು ಕಾನೂನು ಮಾಡಿದವರೇ ಊಹಿಸಿದ್ದರೆಂದಾಯಿತು.

ಈಗ ಕ್ಯಾಸೆಟ್ಟು ಮೂಲೆ ಸೇರಿದೆ. ಮೊಬೈಲ್ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ನೂರಾರು ಹಾಡುಗಳನ್ನು ಮೆಮೊರಿ ಕಾರ್ಡಿಗೆ ತುಂಬಿಸಿಕೊಡುತ್ತಿದ್ದ ಕಾಲವೂ ಬಂದುಹೋಯಿತು. ಅಂತರಜಾಲದ ಮೂಲಕ ಹಾಡು ಕ್ಷಣದಲ್ಲಿ ಲೋಕವನ್ನೆಲ್ಲ ತಲುಪುತ್ತದೆ. ಮಾರಾಟವಾಗದ ಪ್ರತಿ ಎಂಬುದೇ ಈಗಿಲ್ಲ. ಉದ್ದರಿಯ ಅಂಗಡಿಯೂ ಇಲ್ಲ. ಆದರೆ ಹೊರೆ ಇಳಿದಂತೆ ಬೆಲೆಯೂ ಇಳಿಯಿತು. ಒಂದು ಸಲ ಕೇಳಿದ್ದಕ್ಕೆ ಸಂಸ್ಥೆಗೆ ಸಲ್ಲುವುದು ಪೈಸೆಗಳ ಲೆಕ್ಕದ ಹಣ. ಲಕ್ಷ ಲಕ್ಷ ಸಲ ಕೇಳಿಬರುವ ಚಿತ್ರಗೀತೆಗೆ ಆ ಪೈಸೆ ರಾಶಿಯಾಗುತ್ತದೆ; ಸಾವಿರ ಮಂದಿ ಶ್ರದ್ಧೆಯಿಂದ ಕೇಳುವ ಕುಮಾರವ್ಯಾಸ ಭಾರತದ ವಾಚನಕ್ಕೆ ಅದು ವಾದ್ಯದವರ ಬಸ್ಸಿನ ಖರ್ಚಿಗೂ ಸಾಲದು.

ಆಕಾಶವಾಣಿ ಇರುವಾಗ ಬೇರೆ ಸಂಸ್ಥೆಯೇಕೆ, ಯಾರು ಬೇಕಾದರೂ ಮೊಬೈಲಿನಲ್ಲೇ ಹಾಡನ್ನು ಹಿಡಿದಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದುದೇ. ಆದರೆ ಪ್ರಸಾರ ಬೇರೆ, ಪ್ರಕಾಶನ ಬೇರೆ. ಬಾನುಲಿಯ ಹಾಡು ಹೊತ್ತು ಮುಗಿದೊಡನೆ ಕೇಳುಗನ ಕೈ ಬಿಡುತ್ತದೆ. ಹಿಡಿದಿಟ್ಟ ಮಾತ್ರಕ್ಕೆ ಯಾವುದೂ ಗ್ರಂಥವಾಗುವುದಿಲ್ಲ. ಯಾರ ಪದ್ಯ, ಯಾರ ಸ್ವರ, ಯಾರು ಯಾವ ವರ್ಷ ಹಾಡಿದ್ದು ಎಂಬುದನ್ನು ನಮೂದಿಸಿ, ತಪ್ಪನ್ನು ತಿದ್ದಿಸಿ, ಕವಿಗೂ ಕಲಾವಿದನಿಗೂ ಸಲ್ಲಬೇಕಾದುದನ್ನು ಸಲ್ಲಿಸಿ, ಮುಂದಿನವರಿಗೆ ಒಪ್ಪಿಸುವ ಹೊಣೆಗಾರನೊಬ್ಬ ಬೇಕು. ಸುಬ್ಬಣ್ಣನವರೂ ಕೇಶವಮೂರ್ತಿಯವರೂ 2022ನೆಯ ಒಂದೇ ವರ್ಷದಲ್ಲಿ ಕಣ್ಮರೆಯಾದರು. ಅವರ ಕಂಠದಿಂದ ಮುಂದಿನ ಪೀಳಿಗೆಗೆ ಉಳಿದಿರುವುದು ಮುದ್ರಣಗೊಂಡಷ್ಟು ಮಾತ್ರ. ಮುದ್ರಣಗೊಳ್ಳದೆ ಹೋದುದನ್ನು ಇನ್ನು ಯಾವ ಬಂಡವಾಳವೂ ತರಲಾರದು.

ಭದ್ರಾವತಿಯೇ ಈ ವಿಷಯದಲ್ಲಿ ಒಂದು ಪಾಠ ಹೇಳುತ್ತದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದು ಲಾಭದ ಕುದುರೆಯಾಗಿರಲಿಲ್ಲ. ಆರಂಭದ ನಷ್ಟವನ್ನು ಮೈಸೂರು ಸಂಸ್ಥಾನ ತಾಳಿಕೊಂಡಿತು. ವಿಶ್ವೇಶ್ವರಯ್ಯನವರು ಹೊಣೆ ಹೊತ್ತು ಅದನ್ನು ನೆಲೆಗೆ ತಂದರು. ಆ ತಾಳ್ಮೆಯಿಂದಲೇ ಒಂದು ಪಟ್ಟಣ ಬೆಳೆಯಿತು. ಮುಂದೆ ಅಲ್ಲಿಯ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದುದೂ, 2023ರಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದುದೂ ಕಣ್ಣಮುಂದಿನ ಸಂಗತಿಗಳು. ತಾಳಿಕೊಳ್ಳುವವರಿದ್ದಾಗ ಉದ್ಯಮ ಬೇರೂರುತ್ತದೆ. ಅವರು ಕೈಬಿಟ್ಟಾಗ ನೂರು ವರ್ಷದ ಮರವೂ ಅಲುಗುತ್ತದೆ. ಕಬ್ಬಿಣಕ್ಕೆ ದೊರೆತ ತಾಳ್ಮೆಯಲ್ಲಿ ನೂರರಲ್ಲೊಂದು ಪಾಲಾದರೂ ಹಾಡಿಗೆ ದೊರೆಯಬಾರದೇ?

ಆದರೆ ಎಲ್ಲಕ್ಕೂ ಸರಕಾರದ ಕಡೆ ಕೈಚಾಚುವುದು ಉಚಿತವಲ್ಲ. ಸರಕಾರ ಮಾಡಬೇಕಾದುದೊಂದುಂಟು: ಗ್ರಂಥಾಲಯಗಳಿಗಾಗಿ ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ಪದ್ಧತಿಯನ್ನು ಧ್ವನಿಮುದ್ರಿಕೆಗೂ ಪೂರ್ಣವಾಗಿ ವಿಸ್ತರಿಸುವುದು. ಗಮಕವು ಓದುವುದಕ್ಕಿಂತ ಕೇಳುವುದಕ್ಕೆ ಹುಟ್ಟಿದ ಕಲೆ. ಕುಮಾರವ್ಯಾಸನ ಪುಸ್ತಕಕ್ಕೆ ಇರುವ ಕಪಾಟಿನಲ್ಲಿ ಅವನ ದನಿಗೆ ಸ್ಥಳವಿಲ್ಲವೆನ್ನುವುದು ವಿಚಿತ್ರ. ಸಂಸ್ಥೆ ನಡೆಸುವವರೂ ಮಾಡಬೇಕಾದುದುಂಟು: ಕಲಾವಿದರೊಡನೆ ಲಿಖಿತ ಒಪ್ಪಂದ, ವರ್ಷಕ್ಕೊಮ್ಮೆ ಬಹಿರಂಗ ಲೆಕ್ಕ. ಲೆಕ್ಕ ಶುದ್ಧವಿಲ್ಲದಲ್ಲಿ ನೆರವು ಕೇಳುವ ಬಾಯಿಗೆ ಬಲವಿರುವುದಿಲ್ಲ.

ಮುಖ್ಯವಾದುದು ಊರಿನವರ ಪಾಲು. ಓದುಗರ ಕೈಯಲ್ಲಿರುವ ಈ ಬಗೆಯ ಸ್ಮರಣಸಂಚಿಕೆಗಳು ಹೊರಬರುವ ಕ್ರಮವನ್ನೇ ನೋಡಬಹುದು. ಮೊದಲು ಮುದ್ರಿಸಿ, ಆಮೇಲೆ ಯಾರಾದರೂ ಕೊಂಡಾರೆಂದು ಕಾಯುತ್ತ ಕುಳಿತವರಿಲ್ಲ. ವರ್ತಕರು ಮುಂಗಡವಾಗಿ ಜಾಹೀರಾತು ಕೊಡುತ್ತಾರೆ, ಹಳೆಯ ವಿದ್ಯಾರ್ಥಿಗಳು ಚಂದಾ ಕೊಡುತ್ತಾರೆ, ದಾನಿಗಳ ಹೆಸರು ಮೊದಲ ಪುಟಗಳಲ್ಲಿ ಅಚ್ಚಾಗುತ್ತದೆ. ಅನಂತರ ಕಾಗದ ಯಂತ್ರಕ್ಕೆ ಹೋಗುತ್ತದೆ. ಇಲ್ಲಿ ಬಡ್ಡಿಯಿಲ್ಲ, ಉದ್ದರಿಯಿಲ್ಲ, ಹಿಂದಿರುಗುವ ಸರಕಿಲ್ಲ. ಇದೇ ಕ್ರಮವನ್ನು ಹಾಡಿಗೆ ಅನ್ವಯಿಸಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಶಿವಮೊಗ್ಗ ಭದ್ರಾವತಿಗಳಲ್ಲಿ ಐದುನೂರು ಮನೆಗಳು ವರ್ಷಾರಂಭದಲ್ಲಿ ತಲಾ ಇನ್ನೂರು ರೂಪಾಯಿ ಚಂದಾ ಕೊಟ್ಟರೆ ಒಂದು ಲಕ್ಷ ರೂಪಾಯಿಯಾಗುತ್ತದೆ. ಅಷ್ಟರಲ್ಲಿ ದೊಡ್ಡ ವಾದ್ಯವೃಂದದ ವೈಭವ ಸಾಧ್ಯವಾಗದಿದ್ದರೂ, ಒಬ್ಬ ಗಮಕಿಯನ್ನು, ಒಬ್ಬ ಜನಪದ ಗಾಯಕಿಯನ್ನು ಮರ್ಯಾದೆಯಿಂದ ಕೂರಿಸಿ ಹಾಡಿಸಲು, ಸಂಭಾವನೆಯನ್ನು ಅದೇ ದಿನ ಕೈಗಿಡಲು ಸಾಧ್ಯ.

ಹಾಡು ಚೆನ್ನಾಗಿತ್ತೆಂದು ಸಭೆ ಮುಗಿದ ಮೇಲೆ ತಲೆದೂಗುವುದು ಸುಲಭ. ಹಾಡುವುದಕ್ಕೆ ಮೊದಲೇ ಅದರ ವೆಚ್ಚದಲ್ಲಿ ಒಂದು ಪಾಲು ಹೊರುವುದು ಅಷ್ಟು ಸುಲಭವಲ್ಲ. ಸಣ್ಣ ಸಂಸ್ಥೆಗಳು ಬದುಕಬೇಕಾದರೆ ತಲೆದೂಗುವವರಲ್ಲಿ ಕೆಲವರಾದರೂ ಈ ಎರಡನೆಯ ಕೆಲಸಕ್ಕೆ ಮುಂದಾಗಬೇಕು. ಊರಿನ ಹಿರಿಯ ಕಂಠಗಳು ಇನ್ನೂ ಇರುವಾಗಲೇ ಅದು ಆಗಬೇಕು.