ಚೀಟಿಗಿಂತ ಮೊದಲು ಇಸಿಜಿ

ಎದೆನೋವೆಂದು ಬಂದವರು ಆಸ್ಪತ್ರೆಯ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಿರಬೇಕು, ಅದನ್ನು ವೈದ್ಯರು ನೋಡಿಯೂ ಆಗಿರಬೇಕು. ಅಮೆರಿಕ ಮತ್ತು ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಗಳೆರಡೂ ಹೇಳುವುದು ಇದನ್ನೇ. ನಮ್ಮಲ್ಲಿ ಎಷ್ಟೋ ಕಡೆ ಮೊದಲು ಚೀಟಿ, ಆಮೇಲೆ ಬಿಲ್ಲಿಂಗ್ ಕೌಂಟರ್, ಅದಾದ ಮೇಲೆ ಡ್ಯೂಟಿ ಡಾಕ್ಟರು, ಕೊನೆಗೆ ಇಸಿಜಿ. ಈ ಕ್ರಮವನ್ನು ತಿರುಗಿಸಬೇಕು. ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಅದರಾಚೆಯ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರ ಮುಂದಾಳತ್ವದಲ್ಲಿ ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ಬಗ್ಗೆ ನಡೆದ ಅಧ್ಯಯನ 2008ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ನೋವು ಶುರುವಾಗಿ ಆಸ್ಪತ್ರೆ ಸೇರುವಷ್ಟರಲ್ಲೇ ಐದಾರು ತಾಸು ಕಳೆದಿರುತ್ತಿತ್ತು ಎಂದು ಅದು ತೋರಿಸಿತು. ಅಷ್ಟು ತಡವಾಗಿ ಬಂದವರನ್ನು ನಾವು ಮತ್ತೆ ಸಾಲಿನಲ್ಲಿ ನಿಲ್ಲಿಸುವುದೆಂದರೆ ಏನರ್ಥ?

ತುರ್ತು ಘಟಕದಲ್ಲಿ ಕಣ್ಣು ಮೊದಲು ಹೋಗುವುದು ರಕ್ತ ಸುರಿಯುವವರ ಕಡೆಗೆ, ಕಿವಿ ಹೋಗುವುದು ಕೂಗುವವರ ಕಡೆಗೆ. ಹೃದಯಾಘಾತದ ರೋಗಿ ಬಹಳ ಸಲ ಎರಡನ್ನೂ ಮಾಡುವುದಿಲ್ಲ. ಎದೆಯ ಮೇಲೆ ಏನೋ ಭಾರ ಇಟ್ಟ ಹಾಗೆ, ದವಡೆ ಹಿಡಿದ ಹಾಗೆ, ಎಡತೋಳು ಜೋಮು ಹಿಡಿದ ಹಾಗೆ ಎನ್ನುತ್ತಾರೆ. ತಣ್ಣನೆ ಬೆವರು, ವಾಕರಿಕೆ, ಮೇಲುಹೊಟ್ಟೆಯ ಉರಿ. ಮಧುಮೇಹಿಗಳಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು ಇರಬಹುದು. ಹೆಂಗಸರಲ್ಲಿಯೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆಗೆ ಬೆನ್ನುನೋವು, ವಾಂತಿ, ಉಸಿರಾಟದ ತೊಂದರೆ ಸೇರಿಕೊಳ್ಳುವುದು ಹೆಚ್ಚು. ಆಗ ‘ಗ್ಯಾಸ್ಟ್ರಿಕ್ ಇರಬೇಕು, ಟೆನ್ಷನ್ ಇರಬೇಕು’ ಎಂಬ ಮಾತು ಬಲು ಬೇಗ ಬಂದುಬಿಡುತ್ತದೆ. ಮನೆಯಲ್ಲಿ ಸೋಡಾ ಕುಡಿಸಿ ಕೂರಿಸಿದ ತಪ್ಪನ್ನೇ ಆಸ್ಪತ್ರೆಯೂ ಮಾಡಬಾರದು.

ಹೊಟ್ಟೆ ಉರಿ ಎಂದವರಿಗೆಲ್ಲ ಇಸಿಜಿ ಮಾಡುತ್ತಾ ಕೂತರೆ ನಿಜವಾದ ತುರ್ತು ರೋಗಿಗಳ ಗತಿಯೇನು ಎಂದು ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2025ರಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹಠಾತ್ ಸಾವಿನ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಭಯದಿಂದ ಜನ ಮುಗಿಬಿದ್ದದ್ದನ್ನು ನೋಡಿದ್ದೇವೆ. ಆದರೆ ಗುಂಪು ದೊಡ್ಡದಾದಷ್ಟೂ ಬಾಗಿಲಲ್ಲೇ ವಿಂಗಡಿಸುವ ಅಗತ್ಯ ಹೆಚ್ಚುತ್ತದೆ. ಈಗ ಬೆವರುತ್ತಿರುವವರನ್ನೂ ತಪಾಸಣೆ ಮಾಡಿಸಿಕೊಂಡು ಹೋಗೋಣವೆಂದು ಬಂದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸಮಾನತೆಯಲ್ಲ. ಇಸಿಜಿ ಮಾಡಿದ ಮಾತ್ರಕ್ಕೆ ಹಾಸಿಗೆ ಕೊಡಬೇಕೆಂದೇನೂ ಇಲ್ಲ. ಐದು ನಿಮಿಷದ ಕೆಲಸ ಅದು, ಸರಿಯಿದ್ದವರು ಕಾಯಬಹುದು. ಹಾಗೆಂದು ಮೊದಲ ಇಸಿಜಿ ಸರಿಯಿದ್ದರೆ ಮನೆಗೆ ಕಳಿಸುವಂತೆಯೂ ಇಲ್ಲ. ಹೃದಯಾಘಾತದ ಆರಂಭದಲ್ಲಿ ಇಸಿಜಿಯೂ ರಕ್ತದ ಟ್ರೋಪೋನಿನ್ ಪರೀಕ್ಷೆಯೂ ಸರಿಯಾಗಿಯೇ ಕಾಣಬಹುದು. ಲಕ್ಷಣ ಮುಂದುವರಿದರೆ ಎರಡನ್ನೂ ಮತ್ತೆ ಮಾಡಬೇಕು.

ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಸಿಜಿ ಓದುವವರು ಯಾರು ಎಂಬ ಆಕ್ಷೇಪಕ್ಕೆ ಈಗ ಮೊದಲಿನ ಬಲವಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕಿನ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ಕೂತಲ್ಲಿಂದಲೇ ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಬಹುದು. ಇಷ್ಟಿದ್ದೂ ರೋಗಿ ಚೀಟಿಯ ಸಾಲಿನಲ್ಲಿ ಉಳಿದರೆ ಯೋಜನೆ ಅವರಿಗೆ ತಲುಪುವುದೇ ಇಲ್ಲ. ಹಾಗಾಗಿ ಲಕ್ಷಣ ಕಂಡ ಕೂಡಲೇ ವೈದ್ಯರ ಅಪ್ಪಣೆಗೆ ಕಾಯದೆ ಇಸಿಜಿ ತೆಗೆಯುವ ಅಧಿಕಾರವನ್ನು ಬಾಗಿಲಲ್ಲಿರುವ ನರ್ಸ್‌ಗೆ ಲಿಖಿತವಾಗಿ ಕೊಡಬೇಕು. ಹೆಸರು, ವಿಳಾಸ, ಹಣ ಎಲ್ಲ ಆಮೇಲೆ. ರೋಗಿ ಬಾಗಿಲಿಗೆ ಬಂದ ಹೊತ್ತು, ಇಸಿಜಿ ಆದ ಹೊತ್ತು ಎರಡನ್ನೂ ಬರೆದಿಟ್ಟು, ಖಾಸಗಿ ಆಸ್ಪತ್ರೆಗಳೂ ಸೇರಿ ಎಲ್ಲರೂ ಪ್ರತಿ ತಿಂಗಳು ಅದನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಒಪ್ಪಿಸುವಂತೆ ಆರೋಗ್ಯ ಇಲಾಖೆ ಆದೇಶಿಸಬೇಕು.