ಸೊನ್ನೆ ಗೆರೆ ಇರುವುದೆಲ್ಲಿ?

ಲಂಡನ್ನಿನ ಥೇಮ್ಸ್ ನದಿಗೆ ಸಮೀಪದ ಗುಡ್ಡವೊಂದರ ಮೇಲೆ ಗ್ರೀನಿಚ್ ವೀಕ್ಷಣಾಲಯವಿದೆ. ಅದರ ಅಂಗಳದ ನೆಲದಲ್ಲಿ ಕೂರಿಸಿರುವ ಲೋಹದ ಪಟ್ಟಿಯನ್ನು ನೋಡಲೆಂದೇ ದೇಶ ದೇಶಗಳಿಂದ ಪ್ರವಾಸಿಗರು ಬರುತ್ತಾರೆ. ಒಂದು ಕಾಲನ್ನು ಆಚೆ, ಒಂದು ಕಾಲನ್ನು ಈಚೆ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಭೂಗೋಳದ ಪುಸ್ತಕದಲ್ಲಿ ಓದಿದ 0 ಡಿಗ್ರಿ ರೇಖಾಂಶ ಇದೇ. ಒಂದು ಪಾದ ಪೂರ್ವಾರ್ಧಗೋಳದಲ್ಲಿ, ಇನ್ನೊಂದು ಪಶ್ಚಿಮಾರ್ಧಗೋಳದಲ್ಲಿ!

ಆದರೆ ಅಲ್ಲೇ ನಿಂತು ಮೊಬೈಲ್ ಫೋನಿನಲ್ಲಿ ರೇಖಾಂಶ ನೋಡಿದರೆ ಸೊನ್ನೆ ಕಾಣುವುದಿಲ್ಲ. ಸೊನ್ನೆ ಕಾಣಬೇಕಾದರೆ ಪೂರ್ವಕ್ಕೆ ಸುಮಾರು 102 ಮೀಟರ್ ನಡೆದು ಪಕ್ಕದ ಉದ್ಯಾನಕ್ಕೆ ಹೋಗಬೇಕು. ಹಾಗಾದರೆ ತಪ್ಪು ಯಾರದು? ಫೋನಿನದೋ, ವೀಕ್ಷಣಾಲಯದ್ದೋ?

ಕಡಲಿನ ಕಷ್ಟ

ಈ ಗೆರೆ ಬೇಕಾದದ್ದು ನಾವಿಕರ ಪ್ರಾಣ ಉಳಿಸಲು. ಅಕ್ಷಾಂಶವನ್ನು ಸೂರ್ಯನ ಅಥವಾ ಧ್ರುವ ನಕ್ಷತ್ರದ ಎತ್ತರದಿಂದ ಅಳೆಯಬಹುದು. ರೇಖಾಂಶಕ್ಕೆ ಅಂಥ ಸುಲಭದ ದಾರಿಯಿಲ್ಲ. 1707ರಲ್ಲಿ ಬ್ರಿಟಿಷ್ ನೌಕಾಪಡೆಯ 4 ಹಡಗುಗಳು ತಾವಿರುವ ಸ್ಥಾನವನ್ನು ತಪ್ಪಾಗಿ ತಿಳಿದು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸತ್ತವರು ಸಾವಿರಕ್ಕೂ ಹೆಚ್ಚು.

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಊರಿನ ವೇಳೆಯನ್ನು ತೋರಿಸುವ ಗಡಿಯಾರ ಹಡಗಿನಲ್ಲಿದ್ದರೆ, ಅದನ್ನು ಅಲ್ಲಿನ ನಡುಹಗಲಿಗೆ ಹೋಲಿಸಿ ರೇಖಾಂಶ ತಿಳಿಯಬಹುದು. ಆದರೆ ಹೊಯ್ದಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ಸರಿಯಾಗಿ ನಡೆಯುವುದಿಲ್ಲ. ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳುವ ಉಪಾಯಕ್ಕೆ 20,000 ಪೌಂಡ್ ಬಹುಮಾನವನ್ನು ಬ್ರಿಟಿಷ್ ಸಂಸತ್ತು 1714ರಲ್ಲಿ ಘೋಷಿಸಿತು. ಸಮಸ್ಯೆ ಬಿಡಿಸಿದವನು ಬಡಗಿ ಕಸುಬಿನ ಜಾನ್ ಹ್ಯಾರಿಸನ್. ಅವನು ಜೀವಮಾನವೆಲ್ಲ ದುಡಿದು ಮಾಡಿದ ಗಡಿಯಾರಗಳನ್ನು ಇಂದಿಗೂ ಗ್ರೀನಿಚ್‌ನಲ್ಲಿ ನೋಡಬಹುದು.

ವೀಕ್ಷಣಾಲಯದ ಛಾವಣಿಯ ಮೇಲೆ ಕಂಬಕ್ಕೆ ಸಿಕ್ಕಿಸಿದ ಕೆಂಪು ಗೋಳವೊಂದಿದೆ. 1833ರಿಂದ ಅದು ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ಕೆಳಗಿಳಿಯುತ್ತಿದೆ. ನದಿಯಲ್ಲಿ ನಿಂತ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಂಡು ಹೊರಡುತ್ತಿದ್ದರು. 12 ಗಂಟೆಗೇ ಏಕೆ ಇಳಿಸಲಿಲ್ಲ? ಆ ಹೊತ್ತಿನಲ್ಲಿ ಖಗೋಳಜ್ಞರು ಸೂರ್ಯನನ್ನು ಅಳೆಯುವುದರಲ್ಲಿ ಮುಳುಗಿರುತ್ತಿದ್ದರು!

ಒಪ್ಪಂದದ ಗೆರೆ

ಸಮಭಾಜಕ ವೃತ್ತವನ್ನು ಯಾರೂ ಆರಿಸಬೇಕಾಗಿಲ್ಲ. ಭೂಮಿಯ ತಿರುಗುವಿಕೆಯೇ ಅದನ್ನು ಗೊತ್ತುಮಾಡುತ್ತದೆ. ಆದರೆ ರೇಖಾಂಶಗಳೆಲ್ಲ ಒಂದೇ ಬಗೆಯವು. ಯಾವುದನ್ನು ಬೇಕಾದರೂ ಸೊನ್ನೆ ಎನ್ನಬಹುದು. ಒಂದು ಕಾಲಕ್ಕೆ ಒಂದೊಂದು ದೇಶ ಒಂದೊಂದು ಕಡೆಯಿಂದ ಎಣಿಸುತ್ತಿತ್ತು. 1884ರಲ್ಲಿ 25 ದೇಶಗಳ ಪ್ರತಿನಿಧಿಗಳು ವಾಷಿಂಗ್ಟನ್‌ನಲ್ಲಿ ಸೇರಿದರು. ಆಗಲೇ ಹೆಚ್ಚಿನ ಹಡಗುಗಳು ಗ್ರೀನಿಚ್ ಆಧಾರದ ನಕ್ಷೆಗಳನ್ನು ಬಳಸುತ್ತಿದ್ದುದರಿಂದ 22 ದೇಶಗಳು ಅದಕ್ಕೇ ಮತ ನೀಡಿದವು. ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥವಾಗಿ ಉಳಿದವು. ವಿರೋಧಿಸಿದ್ದು ಸ್ಯಾನ್ ಡೊಮಿಂಗೊ ಒಂದೇ.

ಅಂದು ಒಪ್ಪಿದ್ದು, ಖಗೋಳಜ್ಞ ಜಾರ್ಜ್ ಏರಿ 1851ರಿಂದ ಬಳಕೆಗೆ ತಂದಿದ್ದ ದೂರದರ್ಶಕದ ಮೂಲಕ ಹಾದುಹೋಗುವ ರೇಖೆಯನ್ನು. ಅಂಗಳದ ಲೋಹದ ಪಟ್ಟಿ ಅದನ್ನೇ ಗುರುತಿಸುತ್ತದೆ.

102 ಮೀಟರ್ ಎಲ್ಲಿಂದ ಬಂತು?

ಏರಿಯ ಉಪಕರಣಕ್ಕೆ ನೆಟ್ಟಗೆ ಕೆಳಗೆ ಯಾವುದು ಎಂದು ತಿಳಿಯಲು ತಟ್ಟೆಯಲ್ಲಿ ಪಾದರಸ ಇಡುತ್ತಿದ್ದರು. ಪಾದರಸದ ಮೇಲ್ಮೈ ಆ ಜಾಗದ ಗುರುತ್ವಕ್ಕೆ ತಕ್ಕಂತೆ ಸಮತಟ್ಟಾಗಿ ನಿಲ್ಲುತ್ತದೆ. ಗಾರೆಯವರ ತೂಗುಗುಂಡಿನ ದಾರವೂ ಹಾಗೆಯೇ. ಆದರೆ ಭೂಮಿಯ ಒಡಲಲ್ಲಿ ದ್ರವ್ಯ ಎಲ್ಲ ಕಡೆ ಸಮನಾಗಿ ಹರಡಿಲ್ಲ. ಆದ್ದರಿಂದ ಗ್ರೀನಿಚ್‌ನಲ್ಲಿ ತೂಗುಗುಂಡು ಕರಾರುವಾಕ್ಕಾಗಿ ಭೂಕೇಂದ್ರದತ್ತ ತೋರುವುದಿಲ್ಲ, ತುಸು ಓರೆಯಾಗುತ್ತದೆ. ಉಪಗ್ರಹಗಳಾದರೋ ಭೂಮಿಯ ದ್ರವ್ಯಕೇಂದ್ರವನ್ನೇ ಸುತ್ತುತ್ತವೆ. ಜಿಪಿಎಸ್ ಲೆಕ್ಕಕ್ಕೆ ಆ ಕೇಂದ್ರವೇ ಆಧಾರ. ಗಡಿಯಾರಗಳ ವೇಳೆ ಕೆಡದಂತೆ ಹೊಸ ರೇಖೆಯ ಸಮತಲವನ್ನು ಹಳೆಯದಕ್ಕೆ ಸಮಾಂತರವಾಗಿಯೇ ಇಟ್ಟರು. ಆದರೆ ಅದು ಭೂಕೇಂದ್ರದ ಮೂಲಕ ಹಾಯಬೇಕಾದ್ದರಿಂದ ಪೂರ್ವಕ್ಕೆ ಸರಿಯಿತು. ವ್ಯತ್ಯಾಸ ಒಂದು ಡಿಗ್ರಿಯ 3600 ಭಾಗಗಳಲ್ಲಿ ಸುಮಾರು 5.3 ಭಾಗ ಮಾತ್ರ. ನೆಲದ ಮೇಲೆ ಅದೇ 102 ಮೀಟರ್.

ಹೀಗಾಗಿ ಏರಿಯೂ ತಪ್ಪಲಿಲ್ಲ, ಫೋನೂ ತಪ್ಪುವುದಿಲ್ಲ. 'ಕೆಳಗೆ' ಎಂಬ ಮಾತಿಗೆ ಇಬ್ಬರ ಅರ್ಥ ಬೇರೆ. ಎಲ್ಲರೂ ಒಂದೇ ಕಡೆಯಿಂದ ಎಣಿಸುವವರೆಗೆ ಸೊನ್ನೆ ಎಲ್ಲಿದ್ದರೂ ಲೆಕ್ಕ ಸರಿಯಾಗಿಯೇ ಬರುತ್ತದೆ.

ಮಾಡಿ ನೋಡಿ

ಭಾರತದ ವೇಳೆ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಅದನ್ನು 4ರಿಂದ ಗುಣಿಸಿದರೆ 330 ನಿಮಿಷ, ಅಂದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದು. ನಿಮ್ಮ ಊರಿನ ರೇಖಾಂಶವನ್ನು ನೀವೇ ಅಳೆಯಬಹುದು. ಡಿಸೆಂಬರ್ 25ರ ಸುಮಾರಿಗೆ ಸೂರ್ಯನ ವೇಳೆಗೂ ಗಡಿಯಾರದ ಸರಾಸರಿ ವೇಳೆಗೂ ಅಂತರ ಬಹುಮಟ್ಟಿಗೆ ಇರುವುದಿಲ್ಲ. ಶಾಲೆಗೂ ರಜೆ. ಅಂದು ಸಮತಟ್ಟಾದ ಅಂಗಳದಲ್ಲಿ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಒಂದು ವೃತ್ತ ಎಳೆಯಿರಿ. ನೆರಳಿನ ತುದಿ ಬೆಳಿಗ್ಗೆ ವೃತ್ತವನ್ನು ಮುಟ್ಟುವ ವೇಳೆಯನ್ನೂ ಮಧ್ಯಾಹ್ನ ಮತ್ತೆ ಮುಟ್ಟುವ ವೇಳೆಯನ್ನೂ ಬರೆದಿಡಿ. ಎರಡರ ನಡುವಿನ ಗಳಿಗೆಯೇ ನಿಮ್ಮ ಊರಿನ ನಡುಹಗಲು. ಅದು 12 ಗಂಟೆಯಿಂದ ಎಷ್ಟು ನಿಮಿಷ ತಡವೋ ಅದನ್ನು 4ರಿಂದ ಭಾಗಿಸಿ, 82.5ರಿಂದ ಕಳೆಯಿರಿ. ಬೆಂಗಳೂರಿನಲ್ಲಿ ನಡುಹಗಲು ಸುಮಾರು 12.20ಕ್ಕೆ, ಮಂಗಳೂರಿನಲ್ಲಿ 12.30ರ ಆಸುಪಾಸಿಗೆ ಬರುತ್ತದೆ.

ತಂದೆ ತಾಯಿಯರೂ ಜೊತೆಗೆ ಕೂತರೆ ಒಳ್ಳೆಯದು. ಒಬ್ಬರು ನೆರಳನ್ನು ನೋಡಬೇಕು, ಒಬ್ಬರು ಗಡಿಯಾರವನ್ನು. ಒಂದು ನಿಮಿಷ ತಪ್ಪಿದರೆ ನಿಮ್ಮ ಊರು ಲೆಕ್ಕದಲ್ಲಿ ಸುಮಾರು 27 ಕಿಲೋಮೀಟರ್ ಆಚೆಗೆ ಹೋಗುತ್ತದೆ. ಬಂಡೆಗಳಿರುವ ಕಡಲಿನಲ್ಲಿ ಅಷ್ಟು ದೂರದ ತಪ್ಪೇ ಒಂದು ಹಡಗನ್ನು ಮುಳುಗಿಸಲು ಸಾಕು.