ಪೋಲಾವರಂ ಮುಳುಗಡೆ: ಕೃಷ್ಣಾ ತೀರದ ಸಂತ್ರಸ್ತರ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ, ನವದೆಹಲಿ.
(ಮಾನ್ಯ ಜಿಲ್ಲಾಧಿಕಾರಿಗಳು, ಬಾಗಲಕೋಟೆ, ಇವರ ಮುಖಾಂತರ)

ವಿಷಯ: ಗೋದಾವರಿಯ ಪೋಲಾವರಂ ಜಲಾಶಯದಲ್ಲಿ ಮುಳುಗುವ ಆದಿವಾಸಿ ಊರುಗಳ ಪುನರ್ವಸತಿ ಮುಗಿಯುವ ತನಕ ನೀರಿನ ಮಟ್ಟ ಏರಿಸದಂತೆ ಕ್ರಮ ಕೈಗೊಳ್ಳುವ ಕುರಿತು.

ಮಾನ್ಯರೇ,

ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿರುವ ನಾವು ಈ ಮನವಿಗೆ ಸಹಿ ಹಾಕಿದ್ದೇವೆ. ಆಂಧ್ರದ ಅಣೆಕಟ್ಟಿಗೂ ಬಾಗಲಕೋಟೆಯವರಿಗೂ ಏನು ಸಂಬಂಧ ಎಂದು ಇದನ್ನು ಸ್ವೀಕರಿಸುವ ಅಧಿಕಾರಿಗಳೇ ಕೇಳಬಹುದು. ಸಂಬಂಧ 21 ಟಿಎಂಸಿಯದು. ಪೋಲಾವರಂನಿಂದ 80 ಟಿಎಂಸಿ ಗೋದಾವರಿ ನೀರನ್ನು ವಿಜಯವಾಡದ ಬಳಿ ಕೃಷ್ಣೆಗೆ ಸೇರಿಸುವುದು, ಅದರಿಂದ ನಾಗಾರ್ಜುನಸಾಗರದ ಮೇಲ್ಭಾಗದಲ್ಲಿ ಉಳಿಯುವ ನೀರನ್ನು ಹಂಚಿಕೊಳ್ಳುವುದು ಎಂದು 1978ರ ಆಗಸ್ಟ್ 4ರಂದು ಒಪ್ಪಂದವಾಯಿತು. ಆಂಧ್ರಕ್ಕೆ 45, ಕರ್ನಾಟಕ ಮತ್ತು ಮಹಾರಾಷ್ಟ್ರಕ್ಕೆ 35. ಆ 35ರಲ್ಲಿ ನಮ್ಮ ರಾಜ್ಯದ ಪಾಲು 21. 1980ರಲ್ಲಿ ಬಚಾವತ್ ನ್ಯಾಯಮಂಡಳಿಯ ಗೋದಾವರಿ ತೀರ್ಪಿನಲ್ಲಿ ಇದು ಸೇರಿಕೊಂಡಿತು. ಪೋಲಾವರಂನ ಒಂದು ಹನಿಯೂ ನಮ್ಮ ಕಾಲುವೆಗೆ ಹರಿದು ಬರುವುದಿಲ್ಲ, ಲೆಕ್ಕದಲ್ಲಿ ಮಾತ್ರ ಬರುತ್ತದೆ. ಆ ಲೆಕ್ಕದ ಖರ್ಚಿನ ಕಡೆ ಬರೆದಿರುವುದು ಕೋಯ, ಕೊಂಡರೆಡ್ಡಿ, ದೋರ್ಲಾ ಜನರ ಊರುಗಳನ್ನು. ನಮ್ಮ ಹೆಸರಿನ ಜಮೆಗೆ ಅವರ ಮನೆ ಖರ್ಚಾಗುತ್ತಿರುವುದರಿಂದ ಕೇಳುವ ಅಧಿಕಾರ ನಮಗಿದೆ ಎಂದು ಭಾವಿಸಿದ್ದೇವೆ.

ಈ ಯೋಜನೆಗೆ ನಮ್ಮಲ್ಲಿ ಬಹುಪಾಲು ಜನರಿಗಿಂತ ಹೆಚ್ಚು ವಯಸ್ಸು. 1940ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಎಂಜಿನಿಯರುಗಳು ರಾಮಪಾದಸಾಗರ ಎಂಬ ಹೆಸರಿನಲ್ಲಿ ಇದರ ನಕ್ಷೆ ಬರೆದರು. 1981ರಲ್ಲಿ ಒಮ್ಮೆ ಶಂಕುಸ್ಥಾಪನೆಯಾಯಿತು, 2004ರಲ್ಲಿ ಮತ್ತೊಮ್ಮೆ. 2005ರ ಅಕ್ಟೋಬರಿನಲ್ಲಿ ಸಿಕ್ಕ ಪರಿಸರ ಅನುಮತಿಯನ್ನು 2007ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಪರಿಸರ ಮೇಲ್ಮನವಿ ಪ್ರಾಧಿಕಾರ ರದ್ದುಪಡಿಸಿತು. ಒಡಿಶಾ ಮತ್ತು ಛತ್ತೀಸಗಢದಲ್ಲಿ ನೀರು ನುಗ್ಗುವ ಊರುಗಳ ಜನರನ್ನು ಕರೆದು ಕೇಳಿಯೇ ಇರಲಿಲ್ಲ ಎಂಬುದು ಕಾರಣ. ಆ ರದ್ದತಿಗೆ ಹೈಕೋರ್ಟು ತಡೆ ನೀಡಿತು. 2011ರಲ್ಲಿ ಪರಿಸರ ಸಚಿವಾಲಯವೇ ಕೆಲಸ ನಿಲ್ಲಿಸಿ ಎಂದು ಆದೇಶಿಸಿ, ಆಮೇಲೆ ಆ ಆದೇಶವನ್ನು ವರ್ಷವರ್ಷವೂ ಅಮಾನತಿನಲ್ಲಿಡುತ್ತ ಬಂತು. ನಿಲ್ಲಿಸುವ ಆದೇಶವೂ ಇದೆ, ಕೆಲಸವೂ ನಡೆದಿದೆ! 2014ರಲ್ಲಿ ತೆಲಂಗಾಣ ಹುಟ್ಟಿದಾಗ ಇದು ರಾಷ್ಟ್ರೀಯ ಯೋಜನೆಯಾಯಿತು, ಖಮ್ಮಂ ಜಿಲ್ಲೆಯ ಏಳು ಮಂಡಲಗಳ ಮುಳುಗಡೆ ಪ್ರದೇಶವನ್ನು ಆಂಧ್ರಕ್ಕೆ ಸೇರಿಸಲಾಯಿತು. ಕುಕ್ಕುನೂರು, ವೇಲೇರುಪಾಡು, ಚಿಂತೂರು, ಕೂನವರಂ ಕಡೆಯ ಆದಿವಾಸಿಗಳಿಗೆ ಮನೆ ಬಿಡುವ ಮೊದಲೇ ರಾಜ್ಯ ಬದಲಾಯಿತು.

ಜಲಾಶಯದ ಪೂರ್ಣ ಮಟ್ಟ 45.72 ಮೀಟರ್, ಸಂಗ್ರಹ 194.6 ಟಿಎಂಸಿ. 371 ಜನವಸತಿಗಳು, ಒಂದು ಲಕ್ಷದ ಆಸುಪಾಸು ಕುಟುಂಬಗಳು ಏಳಬೇಕು. ಈಗ ಮೊದಲ ಹಂತವೆಂದು 41.15 ಮೀಟರ್ ಗೊತ್ತುಮಾಡಿದ್ದಾರೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 12,157 ಕೋಟಿ ರೂಪಾಯಿ ಮಂಜೂರು ಮಾಡಿದ್ದೂ ಈ ಹಂತಕ್ಕೇ.

ಹಂತ ಎಂಬ ಮಾತು ನಮಗೆ ಚೆನ್ನಾಗಿ ಗೊತ್ತು. ಆಲಮಟ್ಟಿಯಲ್ಲಿ 519.60 ಮೀಟರ್ ಒಂದು ಹಂತ, 524.256 ಮೀಟರ್ ಮುಂದಿನ ಹಂತ. ನಡುವೆ ಬದುಕುವವನು ಗೋಡೆಗೆ ಸುಣ್ಣ ಹಚ್ಚಬೇಕೋ ಬೇಡವೋ ಎಂದು ಯೋಚಿಸುತ್ತಾನೆ. ಆ ಊರಿಗೆ ಹೆಣ್ಣು ಕೊಡುವವರಿಲ್ಲ, ಬಾವಿ ತೋಡಲು ಸಾಲ ಸಿಗುವುದಿಲ್ಲ. ನಾವು ಊರು ಬಿಟ್ಟ ದಿನ ತೊಲೆ, ಜಂತಿ, ಬಾಗಿಲ ಚೌಕಟ್ಟು ಕಿತ್ತು ಚಕ್ಕಡಿಗೆ ಹೇರಿದೆವು, ಹಣಮಪ್ಪನ ಮೂರ್ತಿಯನ್ನೂ ತಂದೆವು. ತರಲಾಗದ್ದು ಸಂತ್ರಸ್ತರ ಯಾದಿಯಲ್ಲಿ ಇಲ್ಲದ ಮಕ್ಕಳ ಹೆಸರು. ಸರ್ವೆ ಮಾಡಿದ ವರ್ಷ ಹದಿನೇಳಾಗಿದ್ದ ಹುಡುಗ ನೀರು ಬರುವ ಹೊತ್ತಿಗೆ ಎರಡು ಮಕ್ಕಳ ತಂದೆ, ಕಾಗದದಲ್ಲಿ ಮಾತ್ರ ಇನ್ನೂ ಅಪ್ಪನ ಮನೆಯ ಕೂಸು. ಪೋಲಾವರಂನಲ್ಲಿ 2005-06ರ ಹೊತ್ತಿಗೇ ಎಕರೆಗೆ 1.15 ಲಕ್ಷ ರೂಪಾಯಿಯ ದರದಲ್ಲಿ ಜಮೀನು ಕೊಂಡದ್ದಿದೆ. ಹಣ ಪಡೆದ ಮೇಲೂ ಅದೇ ಊರಿನಲ್ಲಿ ವರ್ಷಗಟ್ಟಲೆ ಕಾಯ್ದವನ ಕೈಯಲ್ಲಿ ಈಗ ಎಷ್ಟು ಉಳಿದಿರುತ್ತದೆ ಎಂಬುದನ್ನು ನಮ್ಮಂಥವರನ್ನು ಕೇಳಿ ತಿಳಿಯಬಹುದು.

ಆದರೆ ಕೋಯರ ನಷ್ಟವನ್ನು ನಮ್ಮ ನಷ್ಟದ ಅಳತೆಗೋಲಿನಿಂದ ಅಳೆಯಬಾರದು. ನಮಗೆ ಉತಾರ ಇತ್ತು. ಅವರು ಪೋಡು ಎನ್ನುವ, ಮಲೆನಾಡಿನವರು ಕುಮರಿ ಎನ್ನುವ ಬೇಸಾಯಕ್ಕೆ ಉತಾರವಿಲ್ಲ. ಹಿಪ್ಪೆ, ಹುಣಸೆ, ಬಿದಿರು, ಬೀಡಿ ಎಲೆಗೆ ಯಾವ ಉಪನೋಂದಣಿ ಕಚೇರಿಯಲ್ಲೂ ದರಪಟ್ಟಿ ಇಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಮಿನಂತೆ ಹಕ್ಕುಗಳ ಪರಿಶೀಲನೆ ಮುಗಿಯದೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಹಕ್ಕುಪತ್ರ ಕೊಡದ ಊರಿಗೆ ನೀರು ಬಿಡುವುದೂ ಒಕ್ಕಲೆಬ್ಬಿಸುವುದೇ ಎಂದು ಆಯೋಗ ಸ್ಪಷ್ಟಪಡಿಸಬೇಕು.

ಎರಡನೆಯದು ಭೂಮಿ. 2013ರ ಭೂಸ್ವಾಧೀನ ಕಾಯ್ದೆ ನೀರಾವರಿ ಯೋಜನೆಯಲ್ಲಿ ಭೂಮಿ ಕಳೆದುಕೊಂಡ ಪರಿಶಿಷ್ಟರಿಗೆ ಕಳೆದುಕೊಂಡಷ್ಟು ಇಲ್ಲವೇ ಎರಡೂವರೆ ಎಕರೆ, ಯಾವುದು ಕಡಿಮೆಯೋ ಅಷ್ಟು ಭೂಮಿ ಕೊಡಬೇಕೆನ್ನುತ್ತದೆ. ಅದು ಆದಷ್ಟೂ ಅನುಸೂಚಿತ ಪ್ರದೇಶದೊಳಗೇ, ಒಟ್ಟಾಗಿ ಇರಬೇಕು. ಭೂಮಿಗೆ ಬದಲು ಹಣ ಎಂಬ ರಾಜಿ ಬೇಡ. ಒಬ್ಬ ಕೋಯನ ಉಳುಮೆಯ ನೆಲವನ್ನು ಬಿಡಿಸಿ ಇನ್ನೊಬ್ಬ ಕೋಯನಿಗೆ ಕೊಡುವ ಚಮತ್ಕಾರವೂ ಬೇಡ.

ಮೂರನೆಯದು ನೀರಿನ ಲೆಕ್ಕ. ಕೋಡಿಯ ಸಾಮರ್ಥ್ಯವನ್ನು 36 ಲಕ್ಷ ಕ್ಯೂಸೆಕ್‌ನಿಂದ 50 ಲಕ್ಷಕ್ಕೆ ಏರಿಸಿದರು, ಪರಿಸರ ಅನುಮತಿ ಹಳೆಯ ಲೆಕ್ಕದ್ದು. ನಕ್ಷೆಯ ಮೇಲಿನ ಗೆರೆ ನಿಂತ ನೀರಿನದು, ಹರಿಯುವ ಪ್ರವಾಹ ಹಿಂದಕ್ಕೆ ಹೋದಂತೆ ಎತ್ತರವಾಗುತ್ತದೆ. 2022ರ ಜುಲೈನಲ್ಲಿ ಭದ್ರಾಚಲಂ ಬಳಿ ಗೋದಾವರಿ 71 ಅಡಿ ದಾಟಿತ್ತು. ಶಬರಿ ಮತ್ತು ಸೀಲೇರು ದಂಡೆಗಳ ಹಿನ್ನೀರನ್ನು ಸ್ವತಂತ್ರ ಸಂಸ್ಥೆಯಿಂದ ಹೊಸದಾಗಿ ಅಳೆಸಿ, ಮೊದಲ ಹಂತದ ಯಾದಿಯನ್ನು ಆ ಅಳತೆಯಂತೆ ತಿದ್ದಬೇಕು. ಛತ್ತೀಸಗಢದ ಕೋಂಟಾ, ಒಡಿಶಾದ ಮೋಟು ಕಡೆಯ ಊರುಗಳಲ್ಲಿ ಅವರದೇ ಭಾಷೆಯಲ್ಲಿ ಸಾರ್ವಜನಿಕ ವಿಚಾರಣೆ ನಡೆಯಬೇಕು. ದಡಕ್ಕೆ ಒಡ್ಡು ಹಾಕಿಕೊಡುತ್ತೇವೆ ಎಂಬುದು ವಿಚಾರಣೆಗೆ ಬದಲಿಯಲ್ಲ.

ಯೋಜನೆಯನ್ನೇ ಕೈಬಿಡಿ ಎಂದು ನಾವು ಕೇಳುತ್ತಿಲ್ಲ. ವಿಶಾಖಪಟ್ಟಣಕ್ಕೆ ಕುಡಿಯುವ ನೀರು ಬೇಕು, ನಮ್ಮ ಒಣಭೂಮಿಗೂ ನೀರು ಬೇಕು. ಆದರೆ ಕರ್ನಾಟಕವು 21 ಟಿಎಂಸಿಯ ಹಕ್ಕು ಮಂಡಿಸುವಲ್ಲೆಲ್ಲ ಈ ಪುನರ್ವಸತಿಯ ಬಾಧ್ಯತೆಯನ್ನೂ ಸೇರಿಸಿ ಹೇಳುವಂತೆ ನಮ್ಮ ಸರ್ಕಾರಕ್ಕೂ ಆಯೋಗ ಪತ್ರ ಬರೆಯಬೇಕೆಂದು ಕೋರುತ್ತೇವೆ. ಈ ಬೇಡಿಕೆ ನಮ್ಮವರಿಗೇ ಹಿಡಿಸಲಿಕ್ಕಿಲ್ಲ, ಆದರೂ ಬರೆದಿದ್ದೇವೆ.

ಸಂವಿಧಾನದ 338ಎ ವಿಧಿಯಡಿ ಸಾಕ್ಷಿಗಳನ್ನು ಕರೆಸುವ, ಕಡತ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ತಮಗಿದೆ. ತಮ್ಮ ತಂಡ 2018ರಲ್ಲಿ ಅಲ್ಲಿಗೆ ಹೋಗಿ ವರದಿಯನ್ನೂ ಕೊಟ್ಟಿದೆ. ಅದರಲ್ಲಿ ಎಷ್ಟು ಜಾರಿಯಾಯಿತೆಂದು ನೋಡಲು ಮತ್ತೊಮ್ಮೆ ಹೋಗಬೇಕು. ಬೇಸಿಗೆಯಲ್ಲಿ ಹೋದರೆ ಒಣಗಿದ ದಂಡೆ, ಹೊಸ ಮನೆಗಳ ಸಾಲು ಕಾಣುತ್ತವೆ. ದಯವಿಟ್ಟು ಆಗಸ್ಟ್‌ನಲ್ಲಿ, ದೇವೀಪಟ್ಟಣಂ ಕಡೆಯಿಂದ ದೋಣಿಯಲ್ಲಿ ಹೋಗಿ. ನಮ್ಮಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಂಡರೆ ಸ್ವಂತ ಖರ್ಚಿನಲ್ಲಿ ಬರುತ್ತೇವೆ.

ಸ್ಥಳ: ಬಾಗಲಕೋಟೆ
ತಮ್ಮ ವಿಶ್ವಾಸಿಗಳು,
ಕೃಷ್ಣಾ ತೀರದ ಮುಳುಗಡೆ ಗ್ರಾಮಗಳ ಸಂತ್ರಸ್ತರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)